ಮುಫ್ಲಿಹನ ಮಗಳ ಮೂರ್ಛೆ

ಯಾರು ಏನು ಹೇಳಿದರೂ ಅರ್ಧ ಕೇಳಿ ಪೂರ್ತಿ ಉತ್ತರ ಕೊಡುವುದು ಮುಫ್ಲಿಹನ ಹುಟ್ಟುಗುಣ. ಇದರಿಂದ ಅವನ ಅಂಗಡಿಗೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಿರಲಿಲ್ಲ. ಅಜ್ಲೂನ್ ಬೆಟ್ಟಗಳ ಮಗ್ಗುಲಿನ ಐನ್ ಲೋಜ್ ಎಂಬ ಆ ಸಣ್ಣ ಪಟ್ಟಣದಲ್ಲಿ ಗ್ಯಾಸ್ ಒಲೆ ರಿಪೇರಿ ಮಾಡುವವನು ಅವನೊಬ್ಬನೇ. "ಒಲೆ ಹತ್ತುತ್ತಿಲ್ಲ" ಎಂದು ತಂದುಕೊಟ್ಟ ಒಲೆಯನ್ನು ಅವನು "ಆರುತ್ತಿಲ್ಲ" ಎಂದು ತಿಳಿದು ಇನ್ನಷ್ಟು ಭದ್ರವಾಗಿ ಆರಿಸಿಕೊಟ್ಟರೂ, ತಂದವರು ಬೈದುಕೊಂಡು ಮತ್ತೆ ಅವನ ಹತ್ತಿರವೇ ಬರಬೇಕಿತ್ತು. ಬೈಗುಳವನ್ನೂ ಅವನು ಅರ್ಧವೇ ಕೇಳುತ್ತಿದ್ದುದರಿಂದ, ಊರಿನಲ್ಲಿ ತನಗೆ ಒಳ್ಳೆಯ ಹೆಸರಿದೆ ಎಂದೇ ನಂಬಿದ್ದ.

ಅವನಿಗೆ ಒಬ್ಬಳೇ ಮಗಳು, ಜುಮಾನ. ಮೂರನೇ ತರಗತಿ ಮುಗಿಸಿದ್ದ ಹುಡುಗಿ. ಊರೆಲ್ಲ ಅವನನ್ನು 'ಅಬೂ ಜುಮಾನ', ಅಂದರೆ ಜುಮಾನಳ ಅಪ್ಪ, ಎಂದೇ ಕರೆಯುತ್ತಿತ್ತು. ಅವನಿಗೂ ಅದೇ ಇಷ್ಟ. ಇಷ್ಟವಾಗದಿದ್ದುದು ಅವನ ಹೆಂಡತಿ ಹಿಯಾಮಳ ಅಣ್ಣನಿಗೆ. ಸೈನ್ಯದಿಂದ ನಿವೃತ್ತನಾಗಿ ಇರ್ಬಿದ್ ನಗರದಲ್ಲಿ ನೆಲೆಸಿದ್ದ ಆ ಸಾರ್ಜೆಂಟ್ ಅಬೂ ಸಖ್ರ್‌ಗೆ ಸಖ್ರ್ ಎಂಬ ಮಗನಿದ್ದ. ಮಗ ಓಟದ ಪಂದ್ಯಗಳಲ್ಲಿ ಗೆದ್ದ ಬಹುಮಾನದ ಬಟ್ಟಲುಗಳನ್ನು ಗಾಜಿನ ಬೀರುವಿನಲ್ಲಿಟ್ಟು, ಮನೆಗೆ ಬಂದವರಿಗೆ ಕಾಫಿಗಿಂತ ಮೊದಲು ಅದನ್ನೇ ತೋರಿಸುತ್ತಿದ್ದ ಸಾರ್ಜೆಂಟ್. ಕೊನೆಗೆ ಮುಫ್ಲಿಹನ ಹೆಗಲು ತಟ್ಟಿ, "ನಿನ್ನ ಮಗಳೂ ಏನಾದ್ರೂ ಮಾಡ್ತಾಳೆ ಬಿಡೋ. ಅಡುಗೆನಾದ್ರೂ ಕಲೀತಾಳೆ," ಅನ್ನುತ್ತಿದ್ದ. ಮುಫ್ಲಿಹ ಪೂರ್ತಿ ಕೇಳಿಸಿಕೊಳ್ಳುತ್ತಿದ್ದ ಮಾತು ಪ್ರಪಂಚದಲ್ಲಿ ಇದೊಂದೇ.

ಹೀಗಿರುವಾಗ, ಆ ಬೇಸಿಗೆ ರಜೆಯಲ್ಲಿ ಪಟ್ಟಣದ ಅಗ್ನಿಶಾಮಕ ಠಾಣೆಯವರು ಮಕ್ಕಳಿಗೊಂದು ಶಿಬಿರ ನಡೆಸಿದರು. ಹಿಯಾಮ್ ಮಗಳನ್ನು ಸೇರಿಸಿದಳು. ಮೊದಲ ದಿನವೇ ಜುಮಾನ ಕಣ್ಣು ಮುಚ್ಚುವಷ್ಟು ದೊಡ್ಡ ಕೆಂಪು ಹೆಲ್ಮೆಟ್ಟು, ಕಾಲಿನವರೆಗೆ ಇಳಿದ ಹಳದಿ ಪಟ್ಟಿಯ ಕೋಟು ತೊಟ್ಟು ಮೆಟ್ಟಿಲು ಹತ್ತಿ ಬಂದಾಗ ಮುಫ್ಲಿಹನ ಎದೆ ಗ್ಯಾಸ್ ತುಂಬಿದ ಸಿಲಿಂಡರಿನಂತೆ ಭಾರವಾಯಿತು.

ಎರಡನೆಯ ದಿನ ಅವಳು ಓಡುತ್ತಲೇ ಬಂದಳು.

"ಬಾಬಾ! ಬಾಬಾ! ಕೊನೇ ದಿನ ಎಲ್ಲರ ಮುಂದೆ ಒಂದು ಆಟ ಇದೆ. ಮನೆಗೆ ಬೆಂಕಿ ಬೀಳೋ ಆಟ. ಕ್ಯಾಪ್ಟನ್ ಸುಹೈಬ್ ಹೇಳಿದ್ರು, ನಾನಿಲ್ದೆ ಆಟಾನೇ ಇಲ್ವಂತೆ! ಎಲ್ಲರಿಗಿಂತ ಮುಖ್ಯ ನಾನೇ ಅಂತೆ! ನಾನು..."

"ಎಲ್ಲರಿಗಿಂತ ಮುಖ್ಯ!" ಎಂದ ಮುಫ್ಲಿಹ. ಎಂದವನು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ. "...ಗಾಯಾಳು!" ಎಂಬ ಉಳಿದರ್ಧ, ಆಗಲೇ ಮುಚ್ಚಿದ್ದ ಬಾಗಿಲಿಗೆ ಬಡಿದು ಮನೆಯೊಳಗೇ ಉಳಿಯಿತು.

ಅವನು ಹೋದದ್ದು ಫವ್ವಾಜ್‌ನ ಕ್ಷೌರದಂಗಡಿಗೆ. ಐನ್ ಲೋಜ್‌ನಲ್ಲಿ ಸುದ್ದಿ ಹಬ್ಬಿಸಲು ಮಸೀದಿಯ ಧ್ವನಿವರ್ಧಕ ಒಂದು ದಾರಿ, ಫವ್ವಾಜ್ ಇನ್ನೊಂದು. ಎರಡನೆಯದಕ್ಕೆ ಕರೆಂಟು ಹೋದರೂ ತೊಂದರೆಯಿಲ್ಲ.

"ಕೇಳಿದೆಯಾ ಫವ್ವಾಜ್, ನನ್ನ ಮಗಳನ್ನ ಶಿಬಿರದಲ್ಲಿ ಎಲ್ಲರಿಗಿಂತ ಮುಖ್ಯ ಮಾಡಿದ್ದಾರೆ."

"ಅಂದ್ರೆ ನಾಯಕಿನಾ?"

"ಮತ್ತಿನ್ನೇನು, ಮುಖ್ಯ ಅಂದ್ರೆ? ಅವಳಿಲ್ದೆ ಠಾಣೇಲಿ ಕಡ್ಡೀನೂ ಅಲ್ಲಾಡೋಲ್ವಂತೆ. ಕ್ಯಾಪ್ಟನ್ನೇ ಹೇಳಿದ್ದು."

ಫವ್ವಾಜ್‌ನ ಕತ್ತಿ ಗಿರಾಕಿಯ ಗಂಟಲ ಮೇಲೆ ಒಂದು ಕ್ಷಣ ನಿಂತಿತು. ಸಂಜೆಯ ನಮಾಜಿನ ಹೊತ್ತಿಗೆ ಜುಮಾನ ಮಕ್ಕಳ ನಾಯಕಿಯಾಗಿದ್ದಳು. ಊಟದ ಹೊತ್ತಿಗೆ ಕ್ಯಾಪ್ಟನ್ ಸುಹೈಬ್ ಅವಳನ್ನು ಕೇಳದೆ ಫೈರ್ ಎಂಜಿನ್ ಹೊರಗೆ ತೆಗೆಯುವುದಿಲ್ಲ ಎಂದಾಗಿತ್ತು. ಮುಫ್ಲಿಹ ಇರ್ಬಿದ್‌ಗೆ ಫೋನ್ ಮಾಡಿ ಭಾವನಿಗೂ ಹೇಳಿದ. ಆ ಕಡೆಯಿಂದ ಬಹಳ ಹೊತ್ತು ಮಾತೇ ಬರಲಿಲ್ಲ. ಅಂಥ ಸವಿಯಾದ ಮೌನವನ್ನು ಮುಫ್ಲಿಹ ತನ್ನ ಜೀವಮಾನದಲ್ಲಿ ಕೇಳಿರಲಿಲ್ಲ.

ಇತ್ತ ಜುಮಾನ ತನ್ನ ಕೆಲಸವನ್ನು ಬಹಳ ಶ್ರದ್ಧೆಯಿಂದ ಕಲಿಯುತ್ತಿದ್ದಳು. ಗಾಯಾಳುವಾಗುವುದು ಸುಲಭವಲ್ಲ. ಮೊದಲು ಕಿಟಕಿಯಲ್ಲಿ ನಿಂತು ಕೂಗಬೇಕು. ಆಮೇಲೆ ಹೊಗೆಗೆ ಕೆಮ್ಮಬೇಕು. ಆಮೇಲೆ ಮೂರ್ಛೆ ಹೋಗಬೇಕು. ಮೂರ್ಛೆ ಹೋದ ಮೇಲೆ ಯಾರು ಎತ್ತಿದರೂ, ಕಚಗುಳಿಯಾದರೂ, ನೊಣ ಮೂಗಿನ ಮೇಲೆ ಕೂತರೂ ಅಲ್ಲಾಡಬಾರದು. ಶಿಬಿರದ ಉಳಿದ ಮಕ್ಕಳೆಲ್ಲ ಎತ್ತಿದ ಕೂಡಲೇ ಕಿಲಕಿಲ ನಕ್ಕಿದ್ದರು. ನಗದೆ ಉಳಿದವಳು ಇವಳೊಬ್ಬಳೇ. "ಪೈಪು ಹಿಡಿಯೋಕೆ ಯಾರು ಬೇಕಾದ್ರೂ ಸಿಗ್ತಾರೆ," ಎಂದು ಕ್ಯಾಪ್ಟನ್ ಮಕ್ಕಳಿಗೆ ಹೇಳಿದ್ದರಂತೆ, "ಕಾಪಾಡೋಕೆ ಒಬ್ಬರು ಇಲ್ದಿದ್ರೆ ನಾವೆಲ್ಲ ಬರೀ ನೀರು ಚೆಲ್ಲೋರು."

ಅಭ್ಯಾಸ ಮನೆಯಲ್ಲೂ ನಡೆಯಿತು. ಮಧ್ಯಾಹ್ನ ಊಟಕ್ಕೆ ಬಂದ ಮುಫ್ಲಿಹ ಅಡುಗೆಮನೆಯ ಬಾಗಿಲಲ್ಲಿ ಮಗಳು ಅಂಗಾತ ಬಿದ್ದಿರುವುದನ್ನು ಕಂಡು ಮೆಲ್ಲಗೆ ದಾಟಿ ಒಳಗೆ ಬಂದ.

"ಪಾಪ, ದಣಿದಿದ್ದಾಳೆ," ಎಂದ ಹೆಂಡತಿಗೆ. "ಅಷ್ಟೊಂದು ಜನರ ಮೇಲೆ ಅಧಿಕಾರ ನಡೆಸೋದು ಅಂದ್ರೆ ಸುಮ್ನೆನಾ?"

"ಅಧಿಕಾರಾನಾ?" ಎಂದಳು ಹಿಯಾಮ್. "ಅವಳು ಮಲಗಿಲ್ಲ ರೀ, ಅವಳು..."

"ಎಬ್ಬಿಸಬೇಡ, ಎಬ್ಬಿಸಬೇಡ!" ಎಂದು ಅವನು ರೊಟ್ಟಿಯನ್ನು ಕೈಗೆತ್ತಿಕೊಂಡು ಅಂಗಡಿಗೆ ಹೊರಟುಹೋದ.

ಒಂದು ಸಂಜೆ ಜುಮಾನ ಬಾಲ್ಕನಿಯಲ್ಲಿ ನಿಂತು, "ಅಯ್ಯೋ, ಉರೀತಿದೆ! ಕಾಪಾಡಿ!" ಎಂದು ಕೂಗಿದಳು. ಮೇಲಿನ ಮನೆಯ ಉಮ್ ಅತಲ್ಲಾ ಒಂದು ಕೈಯಲ್ಲಿ ನೀರಿನ ಬಕೀಟು, ಇನ್ನೊಂದರಲ್ಲಿ ತನ್ನ ಚಿನ್ನದ ಪೆಟ್ಟಿಗೆ ಹಿಡಿದು ಇಳಿದು ಬಂದಳು. ಮುಫ್ಲಿಹ ಅವಳನ್ನು ಮೆಟ್ಟಿಲಲ್ಲೇ ತಡೆದ.

"ಗಾಬರಿಯಾಗಬೇಡಿ ಉಮ್ ಅತಲ್ಲಾ. ಅವಳು ಜನಕ್ಕೆ ಎಚ್ಚರಿಕೆ ಕೊಡೋದನ್ನ ಅಭ್ಯಾಸ ಮಾಡ್ತಿದ್ದಾಳೆ. ಇನ್ನು ಮೇಲೆ ಈ ಬೀದಿ ಅವಳ ಜವಾಬ್ದಾರಿ."

"ಈ ಬೀದಿನಾ?" ಎಂದಳು ಉಮ್ ಅತಲ್ಲಾ. ಅವಳ ಮುಖ ಬಿಳಿಚಿಕೊಂಡಿತು. ಚಳಿಗಾಲಕ್ಕೆಂದು ಅವಳು ಗ್ಯಾಸ್ ಸಿಲಿಂಡರುಗಳನ್ನು ಮೆಟ್ಟಿಲ ಕೆಳಗೆ ಸಾಲಾಗಿ ಕೂಡಿಟ್ಟಿದ್ದಳು. "ಅಂದ್ರೆ... ಮನೆಮನೆ ತಪಾಸಣೆನೂ ಮಾಡ್ತಾಳಾ?"

ಮುಫ್ಲಿಹ ಈ ಪ್ರಶ್ನೆಯಲ್ಲಿ 'ಮನೆಮನೆ' ಎಂಬುದನ್ನಷ್ಟೇ ಕೇಳಿಸಿಕೊಂಡ. "ಮನೆಮನೆಗೂ ಅವಳ ಹೆಸರು ಮುಟ್ಟಿದೆ, ದೇವರ ದಯ," ಎಂದ.

ಮಾರನೆಯ ದಿನ ಬೆಳಿಗ್ಗೆ ಮೆಟ್ಟಿಲ ಕೆಳಗೆ ಸಿಲಿಂಡರುಗಳ ಮೇಲೆ ಒಂದು ದಪ್ಪ ಕಂಬಳಿ ಹೊದಿಸಿತ್ತು. ಯಾರಾದರೂ ಕೇಳಿದರೆ, "ಅತ್ತೆ ಮಲಗಿದ್ದಾರೆ, ಮಾತಾಡಿಸಬೇಡಿ," ಎಂದು ಉಮ್ ಅತಲ್ಲಾ ಪಿಸುಗುಟ್ಟುತ್ತಿದ್ದಳು. ಅತ್ತೆ ತೀರಿಕೊಂಡು ಬಹಳ ಕಾಲವಾಗಿತ್ತು. ಮಧ್ಯಾಹ್ನಕ್ಕೆ ಮುಫ್ಲಿಹನ ಮನೆಗೆ ಒಂದು ಪಾತ್ರೆ ತುಂಬ ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ ಕಡುಬು ಬಂತು. ನೆರೆಹೊರೆಯ ಪ್ರೀತಿ ಎಂದುಕೊಂಡು ಅವನು ತಿಂದು ಕೈ ತೊಳೆದ. ಫವ್ವಾಜ್ ತನ್ನ ಅಂಗಡಿಯಲ್ಲಿ ಹಾವುಗಳಂತೆ ಹೆಣೆದುಕೊಂಡಿದ್ದ ವೈರುಗಳನ್ನು ಒಂದು ಚೀಲಕ್ಕೆ ತುಂಬಿ, ಮುಫ್ಲಿಹನಿಗೆ ಬಿಟ್ಟಿಯಾಗಿ ಗಡ್ಡ ಹೆರೆದು, ಕಿವಿಯಲ್ಲಿ ಹೇಳಿದ:

"ನನ್ನ ತಂಗಿ ಮಗ ಕೆಲಸ ಇಲ್ದೆ ಅಲೀತಿದ್ದಾನೆ ಅಬೂ ಜುಮಾನ. ಠಾಣೇಲಿ ಏನಾದ್ರೂ... ಮಗೂಗೆ ಒಂದು ಮಾತು ಹೇಳಿ ನೋಡು."

"ಹೇಳ್ತೀನಿ," ಎಂದ ಮುಫ್ಲಿಹ, ಗಂಭೀರವಾಗಿ. "ಆದ್ರೆ ಅವಳು ಶಿಫಾರಸಿಗೆ ಬಗ್ಗೋಳಲ್ಲ."

ಇಷ್ಟು ಹೊತ್ತಿಗೆ ಸುದ್ದಿ ಊರಿನ ಹಿರಿಯ ಮುಖ್ತಾರನ ಕಿವಿಗೂ ಬಿದ್ದಿತ್ತು. ಮದುವೆಗೂ ಸಾವಿಗೂ ಮಾತ್ರ ಹೊರಬರುತ್ತಿದ್ದ ಒಂಟೆಕೂದಲಿನ ನಿಲುವಂಗಿಯನ್ನು ಆತ ಪೆಟ್ಟಿಗೆಯಿಂದ ತೆಗೆಸಿ ಬಿಸಿಲಿಗೆ ಹಾಕಿಸಿದ. ಇರ್ಬಿದ್‌ನಿಂದ ಭಾವ ಫೋನ್ ಮಾಡಿ, "ನಾವೆಲ್ಲ ಬರ್ತೀವಿ. ಮನ್‌ಸಫ್ ನಾನೇ ಮಾಡಿಸ್ಕೊಂಡು ತರ್ತೀನಿ. ಇಡೀ ಕುರಿ," ಎಂದ. ಅವನ ದನಿಯಲ್ಲಿ ಮೊದಲ ಬಾರಿಗೆ ಗೌರವವಿತ್ತು. ಮುಫ್ಲಿಹ ಫೋನನ್ನು ಕೆಳಗಿಟ್ಟ ಮೇಲೂ ಅದನ್ನೇ ನೋಡುತ್ತ ಕೂತ.

ಕೊನೆಯ ದಿನದ ಹಿಂದಿನ ಮಧ್ಯಾಹ್ನ ಹಿಯಾಮ್ ಒಂದು ಬಿಳಿ ಪಟ್ಟಿಗೆ ಕೆಂಪು ಬಣ್ಣ ಹಚ್ಚುತ್ತಿದ್ದಳು.

"ಅದೇನದು?"

"ಜುಮಾನಳ ತಲೆಗೆ ಕಟ್ಟೋಕೆ. ರಕ್ತದ ಥರ ಕಾಣಬೇಕಂತೆ."

"ನಾಯಕಿ ತಲೆಗೆ ರಕ್ತ ಯಾಕೆ?"

ಹಿಯಾಮ್ ಎದ್ದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಇವನು ಮಾತು ಮುಗಿಯುವ ಮೊದಲೇ ಓಡದಂತೆ ತಡೆಯಲು ಇಷ್ಟು ವರ್ಷಗಳ ಸಂಸಾರದಲ್ಲಿ ಅವಳು ಕಂಡುಕೊಂಡಿದ್ದ ಉಪಾಯ ಇದೊಂದೇ. "ಕೇಳಿ. ಪೂರ್ತಿ ಕೇಳಿ. ಅವಳು ನಾಯಕಿ ಅಲ್ಲ. ಗಾಯಾಳು. ಮನೆಯೊಳಗೆ ಸಿಕ್ಕಿಹಾಕಿಕೊಂಡ ಹುಡುಗಿ. ಮೂರ್ಛೆ ಹೋಗ್ತಾಳೆ, ಉಳಿದ ಮಕ್ಕಳು ಅವಳನ್ನ ಹೊತ್ತು ತರ್ತಾರೆ. ಅಷ್ಟೇ. ಅದನ್ನ ಎಷ್ಟು ಚೆನ್ನಾಗಿ ಮಾಡ್ತಾಳೆ ಗೊತ್ತಾ ನಿಮಗೆ?"

ಮುಫ್ಲಿಹ ಕುರ್ಚಿಯ ಮೇಲೆ ಕುಸಿದ. ಮೂರ್ಛೆ ಹೋಗುವ ಸರದಿ ಅವನದೇ ಎಂಬಂತೆ ಕಂಡಿತು.

"ಬಿದ್ದುಕೊಳ್ಳೋದಾ? ಮುಖ್ತಾರ್ ನಿಲುವಂಗಿ ಹಾಕ್ಕೊಂಡು ಬರೋದು ನನ್ನ ಮಗಳು ಬಿದ್ದುಕೊಂಡಿರೋದನ್ನ ನೋಡೋಕಾ? ನಿಮ್ಮಣ್ಣ ಇರ್ಬಿದ್‌ನಿಂದ ಇಡೀ ಕುರಿ ತರ್ತಿದ್ದಾನೆ ಕಣೇ!"

"ಕುರಿಗೇನು, ಅದೂ ಬಿದ್ದುಕೊಂಡೇ ಬರುತ್ತೆ," ಎಂದಳು ಹಿಯಾಮ್. "ಜನಕ್ಕೆ ನಿಜ ಹೇಳಿ. ನಕ್ಕು ಸುಮ್ಮನಾಗ್ತಾರೆ."

ಬುದ್ಧಿವಂತನಾಗಿದ್ದರೆ ಅವನು ಹಾಗೆಯೇ ಮಾಡುತ್ತಿದ್ದ. ಆಗ ನಮಗೂ ಹೇಳಲು ಕಥೆಯಿರುತ್ತಿರಲಿಲ್ಲ. ಅವನು ಹೋದದ್ದು ಠಾಣೆಗೆ.

ಕ್ಯಾಪ್ಟನ್ ಸುಹೈಬ್ ಇನ್ನೂ ಎಳೆಯ ವಯಸ್ಸಿನ, ಸಮಾಧಾನದ ಮನುಷ್ಯ. ಅಂಗಳದಲ್ಲಿ ಹಲಗೆಯಿಂದ ಮಾಡಿದ ಆಟದ ಮನೆಗೆ ಮೊಳೆ ಹೊಡೆಸುತ್ತಿದ್ದ. ಬಂದವನಿಗೆ ಕುರ್ಚಿ ಹಾಕಿಸಿ ಚಹಾ ತರಿಸಿದ.

"ನಿಮ್ಮ ಮಗಳು ಬಂಗಾರದಂಥವಳು, ಅಬೂ ಜುಮಾನ. ನಿನ್ನೆ ಅಭ್ಯಾಸದಲ್ಲಿ ಅವಳು ಕೂಗಿದ್ದು ಕೇಳಿ ನಮ್ಮ ಡ್ರೈವರ್ ನಿಜವಾಗ್ಲೂ ಎಂಜಿನ್ ಸ್ಟಾರ್ಟ್ ಮಾಡಿಬಿಟ್ಟ."

"ಅವಳಿಗೆ ಪೈಪು ಕೊಡಿ," ಎಂದ ಮುಫ್ಲಿಹ.

"ಏನಂದ್ರಿ?"

"ಪೈಪು. ನೀರಿನ ಪೈಪು. ಎಲ್ಲರ ಮುಂದೆ ನಿಂತು ಬೆಂಕಿ ಆರಿಸೋ ಕೆಲಸ."

ಅದನ್ನು ರಕಾನ್ ಎಂಬ ಹುಡುಗನಿಗೆ ಕೊಟ್ಟಾಗಿದೆ, ಜುಮಾನಳಿಗೆ ತನ್ನ ಕೆಲಸ ತುಂಬ ಇಷ್ಟ, ಈಗ ಬದಲಿಸಿದರೆ ಮಕ್ಕಳಿಗೆ ಗೊಂದಲವಾಗುತ್ತದೆ ಎಂದು ಕ್ಯಾಪ್ಟನ್ ವಿವರಿಸಿದ. ಮುಫ್ಲಿಹ ಚಹಾ ಲೋಟದೊಳಗೆ ನೋಡುತ್ತ ಕೂತ. ಲೋಟದ ತಳದಲ್ಲಿ ಭಾವನ ಗಾಜಿನ ಬೀರು ಕಂಡಂತಾಯಿತು. ಆಗ ಅವನ ಬಾಯಿಂದ ಆ ಮಾತು ಬಂತು.

"ಅವಳು ಅಳ್ತಿದ್ದಾಳೆ ಕ್ಯಾಪ್ಟನ್. ನಿಮ್ಮ ಹತ್ರ ಹೇಳೋಕೆ ನಾಚಿಕೆ. ಮನೇಲಿ ದಿಂಬಿಗೆ ಮುಖ ಹಾಕ್ಕೊಂಡು ಅಳ್ತಾಳೆ. ಎಲ್ಲರೂ ನಿಂತಿರ್ತಾರೆ, ನಾನೊಬ್ಬಳೇ ಬಿದ್ದಿರ್ಬೇಕಾ ಬಾಬಾ ಅಂತಾಳೆ."

ಕ್ಯಾಪ್ಟನ್‌ನ ಮುಖ ಸಣ್ಣದಾಯಿತು. "ನನಗೆ ಗೊತ್ತೇ ಆಗಲಿಲ್ಲ," ಎಂದ. "ಪಾಪ, ಮಗು. ಎಷ್ಟು ಚೆನ್ನಾಗಿ ಮುಚ್ಚಿಟ್ಟುಕೊಂಡಿದ್ದಾಳೆ ನೋಡಿ. ಸರಿ, ಬದಲಾಯಿಸೋಣ."

ಮುಫ್ಲಿಹ ಹಗುರಾಗಿ ಎದ್ದ. ಒಳ್ಳೆಯ ಕೆಲಸ ಮಾಡಿದೆನೆಂದೇ ಅವನ ನಂಬಿಕೆ. ಮಗಳಿಗೆ ಬೆಳಿಗ್ಗೆ ಆಶ್ಚರ್ಯವಾಗಲಿ ಎಂದು ಮನೆಯಲ್ಲಿ ಬಾಯಿ ಬಿಡಲಿಲ್ಲ. ಜುಮಾನ ಅಂದು ಸಂಜೆ ಕೆಂಪು ಬಣ್ಣದ ಪಟ್ಟಿಯನ್ನು ತಲೆಗೆ ಕಟ್ಟಿ ನೋಡಿ, ಬಿಚ್ಚಿ, ಜೋಪಾನವಾಗಿ ಮಡಿಸಿ, ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದಳು.

ಮರುದಿನ ಠಾಣೆಯ ಅಂಗಳದಲ್ಲಿ ಕುರ್ಚಿಗಳು ಸಾಲಲಿಲ್ಲ. ಮುಂದಿನ ಸಾಲಿನ ನಡುವೆ ಮುಖ್ತಾರ್ ನಿಲುವಂಗಿಯಲ್ಲಿ ಬೆವರುತ್ತ ಕೂತಿದ್ದ. ಪಕ್ಕದಲ್ಲಿ ಸಾರ್ಜೆಂಟ್ ಅಬೂ ಸಖ್ರ್, ಎದೆಯ ಮೇಲೆ ಪದಕ. ಹಿಂದೆ ಅವನ ಹೆಂಡತಿ, ಸಖ್ರ್, ಸಖ್ರ್‌ನ ಸೋದರತ್ತೆಯರು. ಬದಿಯ ಮೇಜಿನ ಮೇಲೆ ಅಗಲವಾದ ತಟ್ಟೆಯಲ್ಲಿ ಮನ್‌ಸಫ್: ತೆಳು ರೊಟ್ಟಿಯ ಹಾಸಿಗೆ, ಅದರ ಮೇಲೆ ಅನ್ನದ ಗುಡ್ಡ, ಅದರ ಮೇಲೆ ಗಟ್ಟಿ ಮೊಸರಿನಲ್ಲಿ ಬೆಂದ ಇಡೀ ಕುರಿ. ಉಮ್ ಅತಲ್ಲಾ ತನ್ನ ಸಿಲಿಂಡರುಗಳ ಚಿಂತೆಯಿಂದ ಕ್ಯಾಪ್ಟನ್‌ನ ಕಣ್ಣು ತಪ್ಪಿಸಿ ಹಿಂದೆ ಕೂತಿದ್ದಳು. ಫವ್ವಾಜ್ ತಂಗಿ ಮಗನಿಗೆ ಹೊಸ ಅಂಗಿ ತೊಡಿಸಿ ಕರೆತಂದಿದ್ದ.

ಮಕ್ಕಳು ಸಾಲಾಗಿ ಬಂದರು. ಕ್ಯಾಪ್ಟನ್ ಬಗ್ಗಿ ಜುಮಾನಳ ಕಿವಿಯಲ್ಲಿ ಏನೋ ಹೇಳಿದ. ಅವಳ ತಲೆಯ ಪಟ್ಟಿಯನ್ನು ಬಿಚ್ಚಿ ರಕಾನ್‌ನ ತಲೆಗೆ ಕಟ್ಟಿದ. ಜುಮಾನ ತಿರುಗಿ ಕುರ್ಚಿಗಳ ಕಡೆ ನೋಡಿದಳು, ಅಪ್ಪನನ್ನು ಹುಡುಕಿ. ಮುಫ್ಲಿಹ ಎರಡೂ ಕೈ ಮೇಲೆತ್ತಿ ಹೆಬ್ಬೆರಳು ತೋರಿಸಿದ. ಅವಳು ನೋಡುತ್ತಲೇ ಇದ್ದಳು. ಅವನು ಇನ್ನೂ ಎತ್ತರಕ್ಕೆ ತೋರಿಸಿದ.

ಸೈರನ್ ಮೊಳಗಿತು. ಹಲಗೆಮನೆಯಿಂದ ಹೊಗೆ ಎದ್ದಿತು. ಕಿಟಕಿಯಲ್ಲಿ ರಕಾನ್ ಕಾಣಿಸಿಕೊಂಡು, "ಕಾಪಾಡಿ," ಎಂದು, ತರಗತಿಯಲ್ಲಿ ಹಾಜರಿ ಹೇಳುವ ದನಿಯಲ್ಲಿ ಹೇಳಿದ. ಆಮೇಲೆ ತನ್ನ ತಾಯಿಯನ್ನು ಕಂಡು ಕೈಬೀಸಿದ. ಜನ ನಕ್ಕರು. ಮಕ್ಕಳು ಅವನನ್ನು ಎತ್ತಿಕೊಂಡರು. ಅವನು ಕಚಗುಳಿಯಾಗಿ ಕಾಲು ಝಾಡಿಸಿದ, ಸ್ಟ್ರೆಚರಿನ ಮೇಲೆ ಎದ್ದು ಕೂತ, ಪಟ್ಟಿಯನ್ನು ಕಣ್ಣಿನಿಂದ ಮೇಲೆ ತಳ್ಳಿ ಮತ್ತೆ ಕೈಬೀಸಿದ. ಇನ್ನೂ ಜೋರಾಗಿ ನಕ್ಕರು.

ಜುಮಾನ ಪೈಪು ಹಿಡಿದು ನಿಂತಿದ್ದಳು. ಪೈಪಿನಲ್ಲಿ ನೀರು ಬರುತ್ತಿತ್ತು, ಅವಳ ಕಣ್ಣು ಮಾತ್ರ ಬೆಂಕಿಯ ಮೇಲಿರಲಿಲ್ಲ. ಮುಫ್ಲಿಹ ಎದ್ದು ನಿಂತು, "ನೋಡಿ ಭಾವ, ಹೇಗೆ ನಿಂತಿದ್ದಾಳೆ ನೋಡಿ!" ಎನ್ನುತ್ತಿದ್ದ.

"ಅಲ್ಲಾಡಬೇಡ!" ಎಂದಳು ಜುಮಾನ ರಕಾನ್‌ಗೆ. ಅವನಿಗೆ ಕೇಳಿಸಲಿಲ್ಲ. "ನೀನು ಮೂರ್ಛೆ ಹೋಗಿದ್ದೀಯ! ನಿನಗೆ ಜ್ಞಾನ ಇಲ್ಲ!"

ಅವನು ನಾಲಿಗೆ ಚಾಚಿದ.

ಅವಳಿಗೆ ತಡೆಯಲಾಗಲಿಲ್ಲ. ಪೈಪನ್ನು ನೆಲಕ್ಕೆ ಹಾಕಿ ಸ್ಟ್ರೆಚರಿನತ್ತ ಓಡಿದಳು. ಮಕ್ಕಳ ಆಟಕ್ಕೆಂದು ನೀರಿನ ಒತ್ತಡ ಕಡಿಮೆ ಇಟ್ಟಿದ್ದರು, ಆದರೂ ಹಿಡಿಯುವವರಿಲ್ಲದ ಪೈಪು ಪೈಪೇ. ಅದು ಹೆಡೆಯೆತ್ತಿತು, ಎಡಕ್ಕೊಮ್ಮೆ ನೋಡಿತು, ಬಲಕ್ಕೊಮ್ಮೆ ನೋಡಿತು, ಮುಂದಿನ ಸಾಲಿಗೆ ಬಂತು. ಮುಖ್ತಾರನ ನಿಲುವಂಗಿ ನೀರು ಕುಡಿದು ಒಂಟೆಯಷ್ಟೇ ಭಾರವಾಯಿತು. ಸಾರ್ಜೆಂಟ್ "ಮಲಗಿ!" ಎಂದು ಅಪ್ಪಣೆ ಕೊಟ್ಟು ತಾನೊಬ್ಬನೇ ಮಲಗಿದ. ಪೈಪು ಕೊನೆಗೆ ಮನ್‌ಸಫ್‌ನ ತಟ್ಟೆಗೆ ಗುರಿಯಿಟ್ಟಿತು. ಅನ್ನದ ಗುಡ್ಡ ಕರಗಿ, ಕುರಿ ಮೆಲ್ಲಗೆ ಜಾರಿ, ಮೇಜು ದಾಟಿ, ಫವ್ವಾಜ್‌ನ ತಂಗಿ ಮಗನ ಹೊಸ ಅಂಗಿಯ ಮೇಲೆ ಬಂದು ಕೂತಿತು. ಕ್ಯಾಪ್ಟನ್ ಓಡಿಹೋಗಿ ನೀರು ನಿಲ್ಲಿಸಿದ.

ಜನ ಹೊಟ್ಟೆ ಹಿಡಿದು ನಕ್ಕರು. ಆ ನಗುವಿನ ನಡುವೆ ಜುಮಾನ ಸ್ಟ್ರೆಚರಿನ ಪಕ್ಕ ನಿಂತು, ರಕಾನ್‌ನ ತೋಳುಗಳನ್ನು ಅವನ ಮೈಯ ಪಕ್ಕಕ್ಕೆ ಸರಿಯಾಗಿ ಇಳಿಬಿಡುತ್ತಿದ್ದಳು. "ಮೈ ಬಿಡಬೇಕು," ಎಂದು ಹೇಳಿಕೊಡುತ್ತಿದ್ದಳು. "ಹೀಗೆ. ಪೂರ್ತಿ ಬಿಡಬೇಕು."

ಒದ್ದೆಯಾದ ಸಾಲುಗಳ ನಡುವೆ ಒಬ್ಬನೇ ಚಪ್ಪಾಳೆ ತಟ್ಟುತ್ತಿದ್ದ. ಅದು ಮುಫ್ಲಿಹ.

ಮನೆಗೆ ಹೋಗುವ ದಾರಿಯಲ್ಲಿ ಹಿಯಾಮ್ ಮುಂದೆ ನಡೆದಳು, ತಿರುಗಿ ನೋಡದೆ. ಮುಫ್ಲಿಹ ಮಗಳ ಹೆಲ್ಮೆಟ್ಟನ್ನು ತಾನೇ ಹಿಡಿದುಕೊಂಡು, "ಪರವಾಗಿಲ್ಲ ಮಗಳೇ, ಪೈಪೇ ಸರಿ ಇರಲಿಲ್ಲ. ಎಂಥೆಂಥೋರ ಕೈಯಿಂದಲೂ ಜಾರುತ್ತೆ," ಎಂದು ಸಮಾಧಾನ ಹೇಳುತ್ತಿದ್ದ.

ಮೆಟ್ಟಿಲ ಬುಡದಲ್ಲಿ ಅವಳು ನಿಂತಳು.

"ಬಾಬಾ, ನಾನು ಮನೇಲಿ ಅಳ್ತಿದ್ದೆ ಅಂತ ನೀನು ಹೇಳಿದೆಯಂತೆ. ಕ್ಯಾಪ್ಟನ್ ನನ್ನ ಹತ್ರ ಕ್ಷಮೆ ಕೇಳಿದ್ರು." ಅವಳ ದನಿಯಲ್ಲಿ ಕೋಪವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು. "ನಾನು ಯಾವಾಗ ಅತ್ತೆ?"

ಮುಫ್ಲಿಹ ಆ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡ. ಉತ್ತರ ಮಾತ್ರ ಅರ್ಧವೂ ಬರಲಿಲ್ಲ.

ಆಮೇಲೆ ಅವನು ಸುಮ್ಮನೆ ಕೂತನೆಂದು ಯಾರೂ ಹೇಳುವಂತಿಲ್ಲ. ಫವ್ವಾಜ್‌ನ ಅಂಗಡಿಗೆ ಹೋಗಿ, "ನನ್ನ ಮಗಳು ನಾಯಕಿ ಆಗಿರಲಿಲ್ಲ, ಗಾಯಾಳು ಆಗಿದ್ದಳು, ಅದು ಅದಕ್ಕಿಂತ ದೊಡ್ಡದು," ಎಂದ. ಮಗಳ ಮಾನ ಉಳಿಸಲು ಪಾಪ ಏನೇನೋ ಹೇಳ್ತಾನೆ ಎಂದುಕೊಂಡು ಫವ್ವಾಜ್ ಅವನ ಕುತ್ತಿಗೆಗೆ ಪೌಡರ್ ಹಾಕಿದ. ಇರ್ಬಿದ್‌ಗೆ ಫೋನ್ ಮಾಡಿದರೆ ಭಾವ, "ಆಗಿದ್ದು ಆಗಿಹೋಯ್ತು ಬಿಡೋ, ಹುಡುಗೀನ ಬೈಬೇಡ," ಎಂದು ದೊಡ್ಡಮನಸ್ಸು ತೋರಿಸಿದ. ಕ್ಯಾಪ್ಟನ್ ಸುಹೈಬ್‌ನ ಮುಂದೆ ನಿಂತು ತಾನು ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡ. ಕ್ಯಾಪ್ಟನ್, "ಇದನ್ನ ನನಗಲ್ಲ ಹೇಳಬೇಕಾದ್ದು," ಎಂದ.

ಅದೂ ನಿಜವೇ. ಒಂದು ಶುಕ್ರವಾರ ಮುಫ್ಲಿಹ ಮಗಳನ್ನು ಬೆಟ್ಟದ ಬದಿಗೆ ಕರೆದುಕೊಂಡು ಹೋಗಿ, ಸಿಹಿ ಕುನಾಫಾ ಕೊಡಿಸಿ, "ಬಾಬಾ ತಪ್ಪು ಮಾಡಿದ, ಮಗಳೇ," ಎಂದ.

"ಪರವಾಗಿಲ್ಲ ಬಾಬಾ," ಎಂದಳು ಜುಮಾನ, ದೊಡ್ಡವರಂತೆ. ಅಪ್ಪನ ತಟ್ಟೆಯಲ್ಲಿ ಉಳಿದದ್ದನ್ನೂ ತಿಂದಳು. ಎಲ್ಲ ಸರಿಹೋಯಿತೆಂದು ಅವನು ನಿಟ್ಟುಸಿರು ಬಿಟ್ಟ. ಶಾಲೆ ಶುರುವಾಯಿತು, ಚಳಿ ಬಂತು, ಜನ ಹೀಟರುಗಳನ್ನು ಹೊತ್ತು ತಂದರು. ಅವಳು ಅಪ್ಪನೊಂದಿಗೆ ಮೊದಲಿನಂತೆಯೇ ನಗುತ್ತಿದ್ದಳು, ಅಂಗಡಿಗೆ ಊಟ ತರುತ್ತಿದ್ದಳು. ಶಾಲೆಯಲ್ಲಿ ಏನಾಯಿತೆಂದು ಕೇಳಿದರೆ, "ಚೆನ್ನಾಗಿತ್ತು," ಅನ್ನುತ್ತಿದ್ದಳು. ಯಾವುದೋ ಪದ್ಯ ಹೇಳಿ ಬಹುಮಾನ ಗೆದ್ದಿದ್ದಾಳೆಂದು ಅವನಿಗೆ ತಿಳಿದದ್ದು ಉಮ್ ಅತಲ್ಲಾಳಿಂದ.

ಮತ್ತೆ ಬೇಸಿಗೆ ಬಂತು, ಮತ್ತೆ ಶಿಬಿರ. ಜುಮಾನ ಹೋಗುತ್ತಿದ್ದಳು, ಬರುತ್ತಿದ್ದಳು. ಮುಫ್ಲಿಹ ಬಹಳ ಎಚ್ಚರಿಕೆಯಿಂದ ಒಂದೇ ಒಂದು ಪ್ರಶ್ನೆ ಕೇಳಿದ್ದ: "ಕೊನೇ ದಿನ ಯಾವಾಗ?" ಗುರುವಾರ ಎಂದಿದ್ದಳು ಮಗಳು. ಗುರುವಾರ ಎಂದಿದ್ದಳು ಹೆಂಡತಿಯೂ, ಪಾತ್ರೆ ಉಜ್ಜುತ್ತ, ತಲೆಯೆತ್ತದೆ.

ಬುಧವಾರ ಮಧ್ಯಾಹ್ನ ಅವನು ಒಂದು ಒಲೆಯ ಬರ್ನರ್ ಬಿಚ್ಚಿಕೊಂಡು ಕೂತಿದ್ದಾಗ ಬೀದಿ ಬಿಕೋ ಅನ್ನುತ್ತಿರುವುದು ಗಮನಕ್ಕೆ ಬಂತು. ಕ್ಷೌರದಂಗಡಿಗೆ ಬೀಗ. ಉಮ್ ಅತಲ್ಲಾಳ ಬಾಲ್ಕನಿ ಖಾಲಿ. ಎದುರಿನ ಫಲಾಫಲ್ ವಡೆ ಅಂಗಡಿಯ ಮುದುಕನೊಬ್ಬ ಎಣ್ಣೆ ಆರಿಸುತ್ತಿದ್ದ.

"ಏನಿದು, ಯಾರಾದ್ರೂ ಹೋಗಿಬಿಟ್ರಾ?"

"ನೀನೇನು ಇಲ್ಲಿ?" ಎಂದ ಮುದುಕ. "ನಿನ್ನ ಮಗಳ ಶಿಬಿರದ ಕೊನೇ ದಿನ ಅಲ್ವೇನಯ್ಯಾ ಇವತ್ತು? ಮನೆಮನೆಗೂ ಅವಳೇ ಬಂದು ಕರೆದು ಹೋದ್ಲು. ನನಗೆ ಮಂಡಿ ನೋವು, ಇಲ್ದಿದ್ರೆ ನಾನೂ ಹೋಗ್ತಿದ್ದೆ."

"ಗುರುವಾರ ಅಂದಿದ್ರು," ಎಂದ ಮುಫ್ಲಿಹ.

"ನೀನು ಸರಿಯಾಗಿ ಕೇಳಿಸ್ಕೊಂಡಿರಲ್ಲ."

ಈ ಸಲ ಅವನು ಸರಿಯಾಗಿಯೇ ಕೇಳಿಸಿಕೊಂಡಿದ್ದ.

ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಡುವುದೂ ಮರೆತು ಅವನು ಬೆಟ್ಟದ ಬೀದಿಯ ಮೆಟ್ಟಿಲುಗಳನ್ನು ಇಳಿದು ಓಡಿದ. ಠಾಣೆಯ ಗೇಟಿನ ಹತ್ತಿರ ಬಂದಾಗ ಸೈರನ್ ನಿಂತಿತ್ತು. ಗೋಡೆಯ ಆಚೆ ಹೊಗೆ ಏಳುತ್ತಿತ್ತು. ಗೇಟಿನ ಸರಳುಗಳ ಮೇಲೆ ಕೈಯಿಟ್ಟದ್ದೇ, ಒಳಗಿನಿಂದ ಆ ದನಿ ಬಂತು.

"ಯಾರಾದ್ರೂ ಇದ್ದೀರಾ? ನನಗೆ ಉಸಿರು ಕಟ್ತಿದೆ! ನಾನಿಲ್ಲಿದ್ದೀನಿ! ಇಲ್ಲಿದ್ದೀನಿ!"

ಮುಫ್ಲಿಹನ ಮೈಯೆಲ್ಲ ಗೇಟಿನ ಕಡೆ ಬಾಗಿತು. ಗೇಟು ಅರ್ಧ ತೆರೆದೇ ಇತ್ತು.

"ಒಳಗೆ ಹೋಗಿ ಅಣ್ಣಾ," ಎಂದ ಕಾವಲುಗಾರ. ಆ ವರ್ಷ ಹೊಸದಾಗಿ ಬಂದವನು. "ಎಲ್ಲರಿಗೂ ಬಿಟ್ಟಿದೆ. ಹಿಂದೆ ಜಾಗ ಇದೆ."

"ಬೇಡಪ್ಪ," ಎಂದ ಮುಫ್ಲಿಹ. "ಇಲ್ಲೇ ಕೇಳಿಸುತ್ತೆ."

ಕೆಮ್ಮು ಕೇಳಿಸಿತು. ಆಮೇಲೆ ಏನೂ ಇಲ್ಲ. ಅಷ್ಟು ಜನ ತುಂಬಿದ ಅಂಗಳದಲ್ಲಿ ಒಂದು ಕುರ್ಚಿಯೂ ಕಿರುಗುಟ್ಟಲಿಲ್ಲ. ಅವಳು ಹೇಗೆ ಬಿದ್ದಳು, ಕೈಗಳು ಎತ್ತ ಇಳಿಬಿದ್ದವು, ಎತ್ತುವವರಿಗೆ ಭಾರವಾಯಿತೇ, ಯಾವುದೂ ಅವನಿಗೆ ಕಾಣಲಿಲ್ಲ. ಆ ನಿಶ್ಶಬ್ದದೊಳಗಿಂದ ಉಮ್ ಅತಲ್ಲಾ ಬಿಕ್ಕಿದ್ದು ಕೇಳಿಸಿತು. "ಯಾ ಅಲ್ಲಾಹ್, ಮಗು!" ಎಂದ ಫವ್ವಾಜ್, ನಡುಗುವ ದನಿಯಲ್ಲಿ. ಆಮೇಲೆ, ಬೆಟ್ಟದ ಮೇಲಿಂದ ಕಲ್ಲು ಉರುಳಿದಂತೆ, ಚಪ್ಪಾಳೆ.

ಕಾವಲುಗಾರ ಅಂಗೈಯಿಂದ ಕಣ್ಣೊರೆಸಿಕೊಂಡ.

"ದಿನಾ ಅಭ್ಯಾಸ ನೋಡ್ತೀನಿ ಅಣ್ಣಾ, ಆದ್ರೂ ಕರುಳು ಹಿಂಡುತ್ತೆ. ಎಂಥ ಹುಡುಗಿ! ನೆಲದ ಮೇಲೆ ಬಿದ್ದು ಅಷ್ಟು ಹೊತ್ತು ಅಲ್ಲಾಡೋದೇ ಇಲ್ಲ. ನಿನ್ನೆ ಕಣ್ಣಿನ ರೆಪ್ಪೆ ಮೇಲೆ ಇರುವೆ ಹರೀತಿತ್ತು, ಆಗ್ಲೂ ಇಲ್ಲ. ಆಮೇಲೆ ಬಂದು ನನಗೆ ಹೇಳ್ತಾಳೆ, ಮಾಮಾ, ಆ ಇರುವೆಗೂ ನಾನು ಸತ್ತೇ ಹೋಗಿದ್ದೀನಿ ಅನ್ಸಿರ್ಬೇಕು ಅಂತ." ಅವನು ನಕ್ಕ. "ಯಾರ ಮಗಳು ಅಂತ ಗೊತ್ತಾ ನಿಮಗೆ?"

ಮುಫ್ಲಿಹ ಬಾಯಿ ತೆರೆದ. ಒಳಗೆ ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು. ಇರುವೆಯ ವಿಷಯ ಅವನಿಗೆ ಗೊತ್ತಿರಲಿಲ್ಲ.

"ನನಗಿಂತ ನಿನಗೇ ಚೆನ್ನಾಗಿ ಗೊತ್ತಪ್ಪ ಅವಳು," ಎಂದ. ಜನ ಹೊರಗೆ ಬರುವ ಮೊದಲೇ ಸ್ಪ್ಯಾನರನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲು ಹತ್ತತೊಡಗಿದ.